ಸೈಜಿಂಗ್ ಡೈಯಲ್ಲಿ ಕಚ್ಚಿಕೊಂಡ ಕೇಸು: ಬಿಡಿಸಿದ್ದು ಹೀಗೆ

ಡೈ ಬಾಯಿಂದ ಹೊರಗೆ ಕಾಣುತ್ತಿದ್ದದ್ದು ಸುಮಾರು 3 ಮಿ.ಮೀ. ಹಿತ್ತಾಳೆ ಮಾತ್ರ. ಕೇಸು ಅಂದರೆ ರೈಫಲ್ ತೋಟಾದ ಹಿತ್ತಾಳೆ ಕವಚ. ಸೈಜಿಂಗ್ ಡೈ ಅಂದರೆ ಹಾರಿಸಿದ ಕೇಸನ್ನು ಒತ್ತಿ ಪುನಃ ಬಳಸುವ ಅಳತೆಗೆ ತರುವ ಉಕ್ಕಿನ ಅಚ್ಚು. ಕೇಸಿನ ಬುಡದ ಅಂಚು, ಅಂದರೆ ರಿಮ್, ಒಂದು ಬದಿ ಹರಿದು ಹೋಗಿದೆ. ಇನ್ನೊಂದು ಬದಿಯಲ್ಲಿ ಯಾವುದೋ ಕಾಲದಲ್ಲಿ ಇಕ್ಕಳ ಹಾಕಿ ಎಳೆದ ಹಲ್ಲಿನ ಗುರುತು. ಹಿತ್ತಾಳೆಗೂ ಉಕ್ಕಿಗೂ ನಡುವಿನ ಗೆರೆಯಲ್ಲಿ ಹಸಿರು ಕಿಲುಬು. ಮೇಲ್ಗಡೆ ಲಾಕ್ ನಟ್ ತುಕ್ಕು ಹಿಡಿದು ಕೆಂಪಾಗಿದೆ.

ಇದು ಪೊನ್ನಂಪೇಟೆ ಕಡೆಯ ನಮ್ಮ ಪರಿಚಯದವರ ಮನೆಯದ್ದು. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತು ಅಂತ ಅಟ್ಟ ಗುಡಿಸುವಾಗ ಒಂದು ಮರದ ಪೆಟ್ಟಿಗೆ ಸಿಕ್ಕಿದೆ. ಅದರಲ್ಲಿ ಎರಡು ಡೈ: ಒಂದು ಸೈಜಿಂಗ್, ಇನ್ನೊಂದು ಕೇಸಿನ ಬಾಯಿಗೆ ಗುಂಡು ಕೂರಿಸುವ ಸೀಟಿಂಗ್. ಮೇಲೆ ಆರ್.ಸಿ.ಬಿ.ಎಸ್., .30-06 ಅಂತ ಕೊರೆದಿದೆ: ಮೊದಲನೆಯದು ಕಂಪನಿಯ ಹೆಸರು, ಎರಡನೆಯದು ರೈಫಲ್ ತೋಟಾದ ಅಳತೆ. ಮನೆಯ ಹಿರಿಯರು ಸೈನ್ಯದಲ್ಲಿದ್ದವರು. ಅವರ ರೈಫಲ್ ಬಹಳ ಹಿಂದೆಯೇ ಲೈಸೆನ್ಸ್ ಇರುವ ಡೀಲರ್ ಕೈ ಸೇರಿದೆ. ಉಳಿದಿರುವುದು ಈ ಪೆಟ್ಟಿಗೆ ಅಷ್ಟೇ. ಮಗನಿಗೆ ಅದನ್ನು ಗಾಜಿನ ಬೀರುವಿನಲ್ಲಿ ಇಡುವ ಆಸೆ, ಕೇಸು ಸಿಕ್ಕಿಬಿದ್ದ ಹಾಗೇ ಅಲ್ಲ, ಕ್ಲೀನಾಗಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಸ್ಪ್ರೇಯರ್, ಕಳೆ ಕೊಚ್ಚುವ ಮಷೀನು ರಿಪೇರಿ ಮಾಡುವ ನನ್ನ ಶೆಡ್ಡಿಗೆ ಅದು ಬಂದದ್ದು ಹಾಗೆ.

ಒಂದು ವಿಷಯ ಮೊದಲೇ ಹೇಳುತ್ತೇನೆ. 1959ರ ಆರ್ಮ್ಸ್ ಆ್ಯಕ್ಟಿನ 3 ಮತ್ತು 4ನೇ ಸೆಕ್ಷನ್‌ಗಳಿಂದ ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ವಿನಾಯಿತಿ ಇದೆ. ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಮದ್ದುಗುಂಡು ತಯಾರಿಸುವುದು 5ನೇ ಸೆಕ್ಷನ್‌ಗೆ ಬರುತ್ತದೆ, ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ಹಾಗಾಗಿ ಈ ಡೈಯಲ್ಲಿ ಇನ್ನು ಯಾರೂ ಕೇಸು ಒತ್ತುವುದಿಲ್ಲ. ಇಲ್ಲಿರುವುದು ಒಂದು ಒಳ್ಳೆಯ ಉಪಕರಣವನ್ನು ಉಳಿಸಿಕೊಳ್ಳುವ ಕೆಲಸ ಮಾತ್ರ.

ಒಳ್ಳೆಯ ಉಪಕರಣ ಅಂತ ಸುಮ್ನೆ ಹೇಳುತ್ತಿಲ್ಲ. ಆರ್.ಸಿ.ಬಿ.ಎಸ್. ಅನ್ನು ಫ್ರೆಡ್ ಹಂಟಿಂಗ್ಟನ್ 1943ರಲ್ಲಿ ಕ್ಯಾಲಿಫೋರ್ನಿಯಾದ ಒರೊವಿಲ್‌ನಲ್ಲಿ ಶುರು ಮಾಡಿದರು. ಈ ಡೈಯ ಹೊರಗಿನ ಥ್ರೆಡ್ 7/8 ಇಂಚು, ಇಂಚಿಗೆ 14 ಹಲ್ಲು. ಇಂತಹ ಡೈ ಕೂರಿಸಿ ಕೇಸು ಒತ್ತುವ ಸನ್ನೆ ಯಂತ್ರಕ್ಕೆ ರೀಲೋಡಿಂಗ್ ಪ್ರೆಸ್ ಅನ್ನುತ್ತಾರೆ, ಇವತ್ತಿಗೂ ಹೆಚ್ಚಿನ ಪ್ರೆಸ್‌ಗಳಿಗೆ ಅದೇ ಅಳತೆ. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಈ ಥ್ರೆಡ್ಡಿನ ನಟ್ಟು ಕೇಳಿದರೆ ಸಿಗುವುದಿಲ್ಲ. ಬ್ರಿಟಿಷ್ ಥ್ರೆಡ್ ಅಳತೆಗಳಲ್ಲಿ 7/8 ವಿಟ್‌ವರ್ತ್ ಇಂಚಿಗೆ 9 ಹಲ್ಲಿನದು, ಬಿ.ಎಸ್.ಎಫ್. 11ರದು. ಎರಡನ್ನೂ ಬಲವಂತವಾಗಿ ತಿರುಗಿಸಿದರೆ ಡೈ ಕೆಡುತ್ತದೆ. ಆದ್ದರಿಂದ ಹೊರಗಿನ ಥ್ರೆಡ್ಡಿಗೆ ಏನೂ ಆಗದ ಹಾಗೆ ಹಿಡಿಯುವುದು ಹೇಗೆ ಅನ್ನುವುದೇ ನನ್ನ ಮೊದಲ ಯೋಚನೆ ಆಗಿತ್ತು.

ಈಗ ಕೇಸು ಯಾಕೆ ಸಿಕ್ಕಿಬಿತ್ತು ಅಂತ ನೋಡೋಣ. ಗುಂಡು ಹಾರಿದಾಗ ಒಳಗಿನ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಕೋವಿಯಲ್ಲಿ ತೋಟಾ ಕೂರುವ ಚೇಂಬರಿನ ಗೋಡೆಗೆ ಅಂಟುತ್ತದೆ. ಆಮೇಲೆ ಸ್ವಲ್ಪ ಹಿಂದಕ್ಕೆ ಬರುತ್ತದೆ, ಆದರೆ ಮೊದಲಿನ ಅಳತೆಗೆ ಬರುವುದಿಲ್ಲ. ಸೈಜಿಂಗ್ ಡೈ ಅದನ್ನು ಹೊರಗಿನಿಂದ ಒತ್ತಿ ಪುನಃ ಸಣ್ಣದು ಮಾಡುತ್ತದೆ. ಹೀಗೆ ಒತ್ತುವಾಗ ಕೇಸಿನ ಮೈಗೆ ತೆಳುವಾಗಿ ಜಿಡ್ಡು ಇರಲೇಬೇಕು. ಒಣ ಕೇಸು ಒತ್ತಿದರೆ ಹಿತ್ತಾಳೆ ನೇರವಾಗಿ ಉಕ್ಕಿಗೆ ಉಜ್ಜಿ ಅಲ್ಲಲ್ಲಿ ಮೆತ್ತಿಕೊಳ್ಳುತ್ತದೆ. ಒಳಗೆ ಹೋಗುವಾಗ ಪ್ರೆಸ್ಸಿನ ಸನ್ನೆಗೆ ಬಲ ಜಾಸ್ತಿ, ಹೇಗೋ ಹೋಗುತ್ತದೆ. ಹಿಂದಕ್ಕೆ ಎಳೆಯುವಾಗ ಪ್ರೆಸ್ಸಿನಲ್ಲಿ ಕೇಸು ಹಿಡಿಯುವ ಶೆಲ್ ಹೋಲ್ಡರ್ ಹಿಡಿದಿರುವುದು ತೆಳ್ಳಗಿನ ರಿಮ್ ಒಂದನ್ನೇ. ಅದು ಹರಿಯುತ್ತದೆ, ಕೇಸು ಅಲ್ಲೇ ಉಳಿಯುತ್ತದೆ. ಈ ಕೇಸಿನ ಹರಿದ ರಿಮ್ ಅದೇ ಕತೆ ಹೇಳುತ್ತಿತ್ತು. ಅದರ ಮೇಲೆ ಎಷ್ಟೋ ಮಳೆಗಾಲದ ಥಂಡಿ ಬೇರೆ. ಕೊಡಗಿನ ಜೂನ್, ಜುಲೈ ಗೊತ್ತಲ್ಲ, ಬೀರುವಿನ ಒಳಗಿರುವ ಬೆಲ್ಟಿಗೂ ಬೂಸಲು ಹಿಡಿಯುತ್ತದೆ. ಹಿತ್ತಾಳೆ ಉಕ್ಕು ಎರಡೂ ಒಂದಕ್ಕೊಂದು ತಾಗಿಕೊಂಡು ತೇವದಲ್ಲಿ ಕೂತರೆ ಕಿಲುಬೂ ತುಕ್ಕೂ ಸೇರಿ ಗಾರೆಯ ಕೆಲಸ ಮಾಡುತ್ತವೆ.

ನೋಡಿದವರೆಲ್ಲ ಮೊದಲು ಹೇಳುವ ಉಪಾಯ, ಮೇಲಿನ ಕಂಬಿಗೆ ಸುತ್ತಿಗೆಯಲ್ಲಿ ಹೊಡಿ, ಕೇಸು ಕೆಳಗೆ ಬೀಳುತ್ತದೆ ಅಂತ. ದಯವಿಟ್ಟು ಹೊಡೆಯಬೇಡಿ. ಆ ಕಂಬಿ ಡಿಕ್ಯಾಪಿಂಗ್ ರಾಡ್, ಕೇಸಿನ ಬುಡದ ಸಿಡಿಮದ್ದಿನ ಕ್ಯಾಪನ್ನು (ಪ್ರೈಮರ್) ಹೊರಗೆ ತಳ್ಳುವುದು. ಅದರ ತುದಿಯಲ್ಲಿ ಗುಂಡುಸೂಜಿಗಿಂತ ದಪ್ಪದ ಪಿನ್ ಇದೆ, ಅದರ ಮೇಲೆ ಕೇಸಿನ ಕತ್ತನ್ನು ಒಳಗಿನಿಂದ ಅಗಲ ಮಾಡುವ ಉಕ್ಕಿನ ಉಂಡೆ, ಎಕ್ಸ್‌ಪ್ಯಾಂಡರ್ ಗುಂಡು. ಹೊಡೆದರೆ ಪಿನ್ ಮುರಿಯುತ್ತದೆ, ರಾಡ್ ಬಾಗುತ್ತದೆ, ಕೇಸು ಮಾತ್ರ ಕೂತಲ್ಲೇ ಕೂತಿರುತ್ತದೆ. ಹೊರಗಿನಿಂದ ಇಕ್ಕಳ ಹಾಕುವುದೂ ಅಷ್ಟೇ. ಹಿಡಿಯುವುದಕ್ಕೆ ಇರುವುದೇ 3 ಮಿ.ಮೀ., ಅದು ನುಜ್ಜಾದರೆ ಆಮೇಲೆ ತೂತು ಕೊರೆಯುವುದಕ್ಕೆ ಸಪಾಟು ಜಾಗ ಉಳಿಯುವುದಿಲ್ಲ.

ಇನ್ನೊಂದು ಉಪಾಯ ಕಾಯಿಸುವುದು. ಬೇರಿಂಗ್ ಕೂರಿಸುವಾಗ, ತೆಗೆಯುವಾಗ ನಾವೆಲ್ಲ ಕಾಯಿಸುತ್ತೇವೆ, ಸರಿ. ಇಲ್ಲಿ ಲೆಕ್ಕ ಉಲ್ಟಾ. ಒಂದು ಡಿಗ್ರಿ ಬಿಸಿಗೆ ಹಿತ್ತಾಳೆ ಹಿಗ್ಗುವುದು ಮೀಟರಿಗೆ ಸುಮಾರು 19 ಮೈಕ್ರಾನ್, ಉಕ್ಕು ಸುಮಾರು 12. ಒಳಗಿರುವುದು ಹಿತ್ತಾಳೆ. ಎರಡನ್ನೂ ಒಟ್ಟಿಗೆ ಕಾಯಿಸಿದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ. ಗ್ಯಾಸ್ ಟಾರ್ಚ್ ಹಿಡಿದರೆ ಡೈಯ ಗಟ್ಟಿತನವೂ ಹೋಗುತ್ತದೆ. ತಣ್ಣಗೆ ಮಾಡಿದರೆ ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಕುಗ್ಗುತ್ತದೆ. 12 ಮಿ.ಮೀ. ದಪ್ಪದ ಕೇಸನ್ನು ಫ್ರೀಜರಿನ ಮೈನಸ್ 18ಕ್ಕೆ ಇಳಿಸಿದರೆ ಸಿಗುವ ವ್ಯತ್ಯಾಸ 3–4 ಮೈಕ್ರಾನ್. ಬಹಳ ಕಡಿಮೆ, ಆದರೆ ಕಿಲುಬಿನ ಪದರ ಬಿರುಕು ಬಿಡುವುದಕ್ಕೆ ಅಷ್ಟು ಸಾಕು.

ಹುಣಸೆಹುಳಿ ನೆನಪಾದವರಿಗೂ ಒಂದು ಮಾತು. ಹಿತ್ತಾಳೆ ದೀಪಕ್ಕೆ ಅದು ಚೆನ್ನ. ಇಲ್ಲಿ ಬೇಡ. ಹುಳಿ ಸಂದಿಯಲ್ಲಿ ಇಳಿದು ಉಕ್ಕನ್ನು ತಿನ್ನುತ್ತದೆ. ಡೈಯ ಒಳಮೈ ಕನ್ನಡಿಯ ಹಾಗೆ ಪಾಲಿಶ್ ಆಗಿರುತ್ತದೆ, ಅದು ಹೋದರೆ ಡೈಯ ಬೆಲೆಯೇ ಹೋಯಿತು. ಹೋಗಬೇಕಾದ್ದು ಹಿತ್ತಾಳೆ, ಉಕ್ಕಿಗೆ ಒಂದು ಗೀರೂ ಬೀಳಬಾರದು. ಈ ಕೆಲಸದಲ್ಲಿ ಪ್ರತಿ ಹೆಜ್ಜೆಗೂ ನಾನು ಇಟ್ಟುಕೊಂಡ ಅಳತೆ ಅದೊಂದೇ.

ಡ್ರಿಲ್ ಕೈಗೆತ್ತಿಕೊಳ್ಳುವ ಮುಂಚೆ ಪ್ರೈಮರ್ ಇದೆಯಾ ಇಲ್ಲವಾ ಅಂತ ನೋಡಲೇಬೇಕು. ಇದರಲ್ಲಿ ರಾಜಿ ಇಲ್ಲ. ಪ್ರೈಮರ್ ಅಂದರೆ ಏಟಿಗೆ ಸಿಡಿಯುವ ಮದ್ದು. ಹಾರದ ಪ್ರೈಮರ್ ಇರುವ ಕೇಸಿಗೆ ಡ್ರಿಲ್ ಇಡಬಾರದು, ಅದನ್ನು ತಿಳಿದವರ ಕೈಗೇ ಕೊಡಬೇಕು. ಸೈಜಿಂಗ್ ಡೈಯಲ್ಲಿ ಕೇಸು ಪೂರ್ತಿ ಒಳಗೆ ಹೋದಾಗ ಆ ಸಣ್ಣ ಪಿನ್ ಹಳೇ ಪ್ರೈಮರನ್ನು ಹೊರಗೆ ತಳ್ಳಿಬಿಟ್ಟಿರುತ್ತದೆ. ಇಲ್ಲೂ ಹಾಗೇ ಆಗಿತ್ತು. ಟಾರ್ಚ್ ಹಿಡಿದು ನೋಡಿದರೆ ಪ್ರೈಮರ್ ಗುಳಿ ಖಾಲಿ. ನಡುವೆ ಒಂದೇ ತೂತು, ಅದರಲ್ಲಿ ಪಿನ್ನಿನ ತುದಿ ಕಾಣುತ್ತಿದೆ. ಬುಡದ ಮೇಲೆ ಡಬ್ಲ್ಯು-ಡಬ್ಲ್ಯು ಸೂಪರ್ ಅನ್ನುವ ಅಕ್ಷರ, ಅಂದರೆ ವಿಂಚೆಸ್ಟರ್-ವೆಸ್ಟರ್ನ್ ಮಾಲು.

ಆ ಒಂದೇ ತೂತು ಇರುವುದು ನಮ್ಮ ಅದೃಷ್ಟ. ಪ್ರೈಮರ್ ಗುಳಿಯಲ್ಲಿ ಎರಡು ಮಾದರಿ ಇವೆ, ಇದು ಬಾಕ್ಸರ್ ಮಾದರಿ. ಬರ್ಡಾನ್ ಮಾದರಿಯಾದರೆ ನಡುವೆ ಸಣ್ಣ ಗುಬುಟು ಇರುತ್ತದೆ, ಅದರ ಅಕ್ಕಪಕ್ಕ ಎರಡು ಕಿರುತೂತು. ಆಗ ಡ್ರಿಲ್ ಬಿಟ್ ನಡುವೆ ನಿಲ್ಲದೆ ಜಾರುತ್ತದೆ. ಎರಡೂ ಅವನ್ನು ರೂಪಿಸಿದವರ ಹೆಸರು. ವಿಚಿತ್ರ ನೋಡಿ, ಬಾಕ್ಸರ್ ಇಂಗ್ಲೆಂಡಿನವರು, ಬರ್ಡಾನ್ ಅಮೆರಿಕದವರು. ಆದರೆ ಅಮೆರಿಕ ಹಿಡಿದದ್ದು ಬಾಕ್ಸರ್ ಮಾದರಿ, ಯುರೋಪಿನಲ್ಲಿ ಜಾಸ್ತಿ ನಡೆದದ್ದು ಬರ್ಡಾನ್.

ಮೊದಲು ಲಾಕ್ ನಟ್ಟಿಗೆ, ಆಮೇಲೆ ಕೇಸಿನ ಸುತ್ತಲಿನ ಸಂದಿಗೆ ಸೀಮೆಎಣ್ಣೆಯೂ ಹೊಲಿಗೆ ಮಷೀನಿನ ಎಣ್ಣೆಯೂ ಬೆರೆಸಿ ಹನಿಹನಿಯಾಗಿ ಬಿಟ್ಟೆ. ಡೈಯನ್ನು ತಲೆಕೆಳಗಾಗಿ, ಬಾಯಿ ಮೇಲೆ ಬರುವಂತೆ ಒಂದು ಡಬ್ಬಿಯಲ್ಲಿ ನಿಲ್ಲಿಸಿ ಬಿಟ್ಟುಬಿಟ್ಟೆ. ಎಣ್ಣೆ ಇಳಿಯುವುದಕ್ಕೆ ಸಮಯ ಕೊಡಬೇಕು, ಅವಸರ ಮಾಡಿ ಫಲ ಇಲ್ಲ. ಲಾಕ್ ನಟ್ಟು ಬಿಟ್ಟ ಮೇಲೆ ಸ್ಕ್ರೂಡ್ರೈವರಿನಲ್ಲಿ ಡಿಕ್ಯಾಪಿಂಗ್ ರಾಡನ್ನು ಮೇಲಕ್ಕೆ ತಿರುಗಿಸಿದೆ. ಎಕ್ಸ್‌ಪ್ಯಾಂಡರ್ ಗುಂಡು ಕೇಸಿನ ಕತ್ತಿಗೆ ಒಳಗಿನಿಂದ ತಾಗಿದ್ದು ಕೈಗೆ ಗೊತ್ತಾಗುತ್ತದೆ. ಅಲ್ಲಿಂದ ಅರ್ಧ ಸುತ್ತು ವಾಪಸ್. ಈಗ ಪಿನ್ನು ಬುಡದಿಂದ ದೂರ ಇದೆ, ಡ್ರಿಲ್ ಅದಕ್ಕೆ ತಾಗುವುದಿಲ್ಲ.

ಹಿಡಿಯುವುದಕ್ಕೆ ಸಿಲ್ವರ್ ಓಕ್ ತುಂಡು. ಕಾಫಿ ತೋಟದಲ್ಲಿ ಅದಕ್ಕೇನು ಬರ. ಒಂದು ತುಂಡಿಗೆ 22 ಮಿ.ಮೀ. ತೂತು ಕೊರೆದು, ತೂತಿನ ನಡುವೆ ಬರುವಂತೆ ಉದ್ದಕ್ಕೆ ಗರಗಸ ಹಾಕಿ ಎರಡು ಭಾಗ ಮಾಡಿದೆ. ಡೈಯನ್ನು ಆ ಎರಡು ಹೋಳುಗಳ ನಡುವೆ ಇಟ್ಟು ವೈಸ್ ಬಿಗಿ ಮಾಡಿದರೆ ಗರಗಸ ತಿಂದಷ್ಟು ಸಂದಿ ಮುಚ್ಚಿಕೊಂಡು ಮರ ಥ್ರೆಡ್ಡಿಗೆ ಕಚ್ಚುತ್ತದೆ. ಮೆದು ಮರವಾದ್ದರಿಂದ ಥ್ರೆಡ್ಡಿನ ಅಚ್ಚು ಮರದ ಮೇಲೆ ಬೀಳುತ್ತದೆ, ಥ್ರೆಡ್ಡಿಗೆ ಏನೂ ಆಗುವುದಿಲ್ಲ.

ಇನ್ನು ಡ್ರಿಲ್. ಈ ಕೇಸಿನ ಪ್ರೈಮರ್ ಗುಳಿ 5.3 ಮಿ.ಮೀ. ಅಗಲ, ಸುಮಾರು 3.3 ಮಿ.ಮೀ. ಆಳ. ಗುಳಿಯ ತಳದ ತೂತು 2 ಮಿ.ಮೀ. ಅಮೆರಿಕದವರು ಇಂತಹ ಕೆಲಸಕ್ಕೆ 1/4 ಇಂಚು, 20 ಹಲ್ಲಿನ ಟ್ಯಾಪ್ (ತೂತಿನ ಒಳಗೆ ಥ್ರೆಡ್ ಕೊರೆಯುವ ಉಪಕರಣ) ಬಳಸುತ್ತಾರೆ. ಅಲ್ಲಿ ಟ್ಯಾಪ್, ಬೋಲ್ಟು, ವಾಷರ್ ಎಲ್ಲ ಸೇರಿಸಿ ಸ್ಟಕ್ ಕೇಸ್ ರಿಮೂವರ್ ಅಂತ ಕಿಟ್ಟೇ ಮಾರುತ್ತಾರೆ. ನನಗೆ ಕೈಗೆ ಸಿಗುವುದು ಎಂ6, ಅಂದರೆ 6 ಮಿ.ಮೀ. ಥ್ರೆಡ್ಡಿನದು. ಅದಕ್ಕೆ 5 ಮಿ.ಮೀ. ತೂತು ಬೇಕು. ಗುಳಿ ಆಗಲೇ ಸ್ವಲ್ಪ ದೊಡ್ಡದಿರುವುದರಿಂದ ಅಲ್ಲಿ ಥ್ರೆಡ್ ಪೂರ್ತಿ ಆಳ ಬರುವುದಿಲ್ಲ, ಆದರೆ ಹಿಡಿಯುವಷ್ಟು ಬರುತ್ತದೆ. ಗುಳಿಯ ಕೆಳಗಿನ ಗಟ್ಟಿ ಹಿತ್ತಾಳೆಯಲ್ಲಿ ಮಾತ್ರ ಪೂರ್ತಿ ಥ್ರೆಡ್ ಸಿಗುತ್ತದೆ. ಎರಡೂ ಸೇರಿ ಹತ್ತಿರ ಹತ್ತಿರ 5 ಮಿ.ಮೀ. ಹಿಡಿತ.

ಹಿತ್ತಾಳೆ ಕೊರೆಯುವವರಿಗೆ ಗೊತ್ತು, ಹೊಸ ಬಿಟ್ ಹಿತ್ತಾಳೆಯನ್ನು ಸರಕ್ಕನೆ ಕಚ್ಚಿ ಒಳಗೆ ಎಳೆದುಕೊಳ್ಳುತ್ತದೆ. ಇಲ್ಲಿ ಹಾಗೆ ಎಳೆದುಕೊಂಡರೆ ಬಿಟ್ ನೇರ ಹೋಗಿ ಡಿಕ್ಯಾಪಿಂಗ್ ಪಿನ್ನಿಗೆ ಹೊಡೆಯುತ್ತದೆ. ಅದಕ್ಕೆ 5 ಮಿ.ಮೀ. ಬಿಟ್ಟಿನ ಎರಡೂ ಕತ್ತರಿಸುವ ಅಂಚನ್ನು ಸಾಣೆಕಲ್ಲಿಗೆ ಹಗುರಾಗಿ ಒರೆಸಿ, ಕೂದಲೆಳೆಯಷ್ಟು ಸಪಾಟು ಮಾಡಿದೆ. ಬಿಟ್ಟಿನ ಮೇಲೆ 8 ಮಿ.ಮೀ. ಬಿಟ್ಟು ಇನ್ಸುಲೇಷನ್ ಟೇಪ್ ಸುತ್ತಿದೆ, ಅಲ್ಲಿಗೆ ನಿಲ್ಲಿಸಬೇಕು ಅನ್ನುವ ಗುರುತಿಗೆ. ಕರೆಂಟ್ ಡ್ರಿಲ್ ತೆಗೆಯಲಿಲ್ಲ. ಹಿಡಿ ತಿರುಗಿಸುವ ಹಳೇ ಕೈ ಡ್ರಿಲ್ಲಿನಲ್ಲಿ ನಿಧಾನಕ್ಕೆ ಹೋದರೆ ಬಿಟ್ ಏನು ಮಾಡುತ್ತಿದೆ ಅಂತ ಅಂಗೈಗೆ ತಿಳಿಯುತ್ತದೆ. ಗುಳಿಯೇ ಬಿಟ್ಟನ್ನು ನಡುವೆ ಹಿಡಿದುಕೊಂಡಿತು. ತಳದ ಸಣ್ಣ ತೂತು ದಾರಿ ತೋರಿಸಿತು. ಹಳದಿ ಸುರುಳಿ ಮೇಲೆ ಬಂತು, ಒಂದು ಹಂತದಲ್ಲಿ ಕೈ ಹಗುರಾಯಿತು. ತಳ ದಾಟಿತು ಅಂತ ಅರ್ಥ. ಅಲ್ಲೇ ನಿಲ್ಲಿಸಿದೆ.

ಟ್ಯಾಪ್ ಹಾಕುವುದೇ ಈ ಕೆಲಸದ ಜೀವ. ಕೇಸಿನ ಹಿತ್ತಾಳೆ ಲೇಥಿನಲ್ಲಿ ಪುಡಿಪುಡಿ ಬರುವ ಹಿತ್ತಾಳೆ ಅಲ್ಲ. 70 ಭಾಗ ತಾಮ್ರ, 30 ಭಾಗ ಸತು, ಜಿಗುಟು ಜಾತಿ. ಚೂರು ಟ್ಯಾಪಿನ ಹಲ್ಲಿಗೆ ಅಂಟಿಕೊಳ್ಳುತ್ತದೆ. ಎಂ6 ಸೆಟ್ಟಿನ ಒಂದನೇ ನಂಬರ್ ಟ್ಯಾಪಿಗೆ ಎಣ್ಣೆ ಹಚ್ಚಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಮೊದಲ ಎರಡು ಮೂರು ಸುತ್ತಿನಲ್ಲಿ ಟ್ಯಾಪ್ ನೆಟ್ಟಗೆ ನಿಂತಿದೆಯಾ ಅಂತ ಸಣ್ಣ ಮಟ್ಟಗೋಲಿಟ್ಟು ಎರಡು ಕಡೆಯಿಂದ ನೋಡಬೇಕು. ಓರೆಯಾದರೆ ಆಮೇಲೆ ಎಳೆತವೂ ಓರೆ. ಓರೆ ಎಳೆತಕ್ಕೆ ಕೇಸು ಒಂದು ಬದಿಯಲ್ಲಿ ಇನ್ನೂ ಬಿಗಿಯಾಗುತ್ತದೆ. ಒಂದನೇ ನಂಬರ್ ಆದ ಮೇಲೆ ಚೂರೆಲ್ಲ ಹೊರಗೆ ಊದಿ, ಎರಡನೇ ನಂಬರ್. ಮೂರನೆಯದು ಬೇಕಾಗಲಿಲ್ಲ. ತೂತು ಆಚೆ ಖಾಲಿ ಕೇಸಿಗೆ ಬಾಯಿ ಬಿಡುವುದರಿಂದ ಟ್ಯಾಪಿನ ಮೊನೆಗೆ ಜಾಗ ಇತ್ತು.

ಎಳೆಯುವ ಸಾಮಾನಿಗೆ ಗೋಣಿಕೊಪ್ಪದ ಒಬ್ಬ ಟರ್ನರ್ ಹತ್ತಿರ ಒಂದು ಬುಶ್, ಅಂದರೆ ಗಿಡ್ಡ ಕೊಳವೆ, ಮಾಡಿಸಿದೆ. ಮೈಲ್ಡ್ ಸ್ಟೀಲ್, ಹೊರಗೆ 22, ಒಳಗೆ 14, ಎತ್ತರ 25 ಮಿ.ಮೀ. ಒಳಗಿನ ಅಳತೆ ಮುಖ್ಯ. ಕೇಸಿನ ಬುಡ 12 ಮಿ.ಮೀ., ಅದು ಬುಶ್ಶಿನ ಒಳಗೆ ಮುಕ್ತವಾಗಿ ಏರಿ ಬರಬೇಕು. ಬುಶ್ಶಿನ ಎರಡೂ ಮುಖ ಲೇಥಿನ ಒಂದೇ ಹಿಡಿತದಲ್ಲಿ ಸಪಾಟು ಮಾಡಿಕೊಡಿ ಅಂದೆ. ಹೀಗೆ ಮಾಡಿದರೆ ಎಳೆತ ನೇರ ಬರುತ್ತದೆ. ಡೈಯ ಬಾಯಿಗೆ ಗೀರು ಬೀಳದ ಹಾಗೆ ನಡುವೆ ಒಂದು ತಾಮ್ರದ ವಾಷರ್ ಇಟ್ಟೆ.

ಬುಶ್ಶಿನ ಮೇಲೆ 5 ಮಿ.ಮೀ. ದಪ್ಪದ ಪ್ಲೇಟು, ಅದರ ತೂತಿನಿಂದ ಎಂ6 ಸ್ಟಡ್, ಅಂದರೆ ತಲೆಯಿಲ್ಲದ ಥ್ರೆಡ್ ಕಂಬಿ. ಬೋಲ್ಟು ಹಾಕಬಹುದಿತ್ತು, ಕಿಟ್ಟಿನಲ್ಲಿ ಬರುವುದೂ ಬೋಲ್ಟೇ. ನನಗೆ ಸ್ಟಡ್ಡೇ ಇಷ್ಟ. ಬೋಲ್ಟು ತಿರುಗಿಸಿದಾಗ ಅದೇ ಬೋಲ್ಟು ಹಿತ್ತಾಳೆ ಥ್ರೆಡ್ಡಿನ ಒಳಗೂ ತಿರುಗುತ್ತದೆ. ಎಳೆತದ ಜೊತೆ ಉಜ್ಜುವಿಕೆಯೂ ಸೇರಿ ಆ 5 ಮಿ.ಮೀ. ಥ್ರೆಡ್ ಕಿತ್ತುಬರುವ ಅಪಾಯ ಇದೆ. ಸ್ಟಡ್ಡನ್ನು ಕೇಸಿಗೆ ತಳದವರೆಗೆ ತಿರುಗಿಸಿ ಒಂದು ಪಾನದಲ್ಲಿ (ಸ್ಪ್ಯಾನರ್) ಹಿಡಿದುಕೊಂಡು, ಮೇಲಿನ ನಟ್ಟನ್ನು ಮಾತ್ರ ತಿರುಗಿಸಿದರೆ ಎಳೆತ ಶುದ್ಧವಾಗಿ ಮೇಲಕ್ಕೇ ಇರುತ್ತದೆ. ಸ್ಟಡ್ಡಿನ ಮೇಲ್ತುದಿಯಲ್ಲಿ ಎರಡು ನಟ್ಟು ಒಂದಕ್ಕೊಂದು ಬಿಗಿದರೆ ಪಾನ ಹಿಡಿಯಲು ಜಾಗ ಆಯಿತು. ಎಳೆಯುವ ನಟ್ಟಿನ ಅಡಿಗೆ ಗ್ರೀಸು. ಪಲ್ಪರ್ ಶಾಫ್ಟಿನ ಬೇರಿಂಗ್‌ಗೆ ಪುಲ್ಲರ್ ಹಾಕುವುದೂ ಇದೇ ವಿದ್ಯೆ, ಇಲ್ಲಿ ಅಳತೆ ಚಿಕ್ಕದು ಅಷ್ಟೇ.

ಎಳೆಯುವ ಮುಂಚೆ ಡೈಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಿನಲ್ಲಿ ಇಟ್ಟಿದ್ದೆ. ಬೆಳಿಗ್ಗೆ ತೆಗೆದ ಕೂಡಲೇ ವೈಸಿಗೆ. ಇಲ್ಲಿ ಮಾತ್ರ ತಡ ಮಾಡಬಾರದು. ನಮ್ಮ ಮಳೆಗಾಲದ ಗಾಳಿಗೆ ತಣ್ಣನೆ ಉಕ್ಕಿನ ಮೇಲೆ ಕ್ಷಣದಲ್ಲಿ ನೀರು ಕೂರುತ್ತದೆ, ಬಿಸಿಯೂ ಏರುತ್ತದೆ. ನಟ್ಟು ಬಿಗಿ ಮಾಡಿದೆ. ಮೊದಲ ಕಾಲು ಸುತ್ತಿಗೆ ಏನೂ ಇಲ್ಲ, ಪಾನ ಗಟ್ಟಿಯಾಯಿತು ಅಷ್ಟೇ. ಅಲ್ಲಿ ನಿಲ್ಲಿಸಿ ಸಂದಿಗೆ ಇನ್ನೊಂದು ಹನಿ ಎಣ್ಣೆ ಬಿಟ್ಟೆ. ಎಳೆತ ಹಾಗೇ ಇರಲಿ ಅಂತ ಬಿಟ್ಟು ಪ್ಲೇಟಿನ ಮೇಲೆ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಮತ್ತೆ ಕಾಲು ಸುತ್ತು. ಟಕ್ ಅಂತ ಒಂದು ಶಬ್ದ ಬಂತು. ಸ್ಟಡ್ ಮುರಿಯಿತಾ ಅಂತ ನೋಡಿದರೆ, ಹಸಿರು ಕಿಲುಬಿನ ಗೆರೆ ಡೈ ಬಾಯಿಂದ ಒಂದು ಕೂದಲಿನಷ್ಟು ಮೇಲೆ ಬಂದಿದೆ. ಅದರ ಕೆಳಗೆ ಹೊಳೆಯುವ ಹೊಸ ಹಿತ್ತಾಳೆ.

ಅಲ್ಲಿಂದ ಮುಂದೆ ಕಷ್ಟ ಇಲ್ಲ. ಈ ಕೇಸು ಬುಡದಲ್ಲಿ ಸುಮಾರು 11.9 ಮಿ.ಮೀ., ಭುಜದ ಹತ್ತಿರ 11.2. ಅಂದರೆ ಕತ್ತಿನ ಕಡೆಗೆ ಹೋದಷ್ಟೂ ಸಪೂರ. ಒಂದು ಸಲ ಜಾಗ ಬಿಟ್ಟರೆ ಸುತ್ತಲೂ ಸಂದಿ ಆಗುತ್ತದೆ. ಎಂ6 ಥ್ರೆಡ್ಡಿನ ಒಂದು ಸುತ್ತಿಗೆ 1 ಮಿ.ಮೀ. ಎಳೆತ. ಮೂರು ನಾಲ್ಕು ಸುತ್ತಾದ ಮೇಲೆ ನಟ್ಟನ್ನು ಬೆರಳಲ್ಲೇ ತಿರುಗಿಸುವ ಹಾಗಾಯಿತು. ಎಕ್ಸ್‌ಪ್ಯಾಂಡರ್ ಗುಂಡು ಕತ್ತಿನ ಮೂಲಕ ದಾಟುವಾಗ ಸ್ವಲ್ಪ ಬಿಗಿ ಬಂತು, ಆಮೇಲೆ ಕೇಸು ಸ್ಟಡ್ಡಿನ ಜೊತೆ ಕೈಗೆ ಬಂತು.

ಕೇಸನ್ನು ಬೆಳಕಿಗೆ ಹಿಡಿದು ನೋಡಿ ಅಂತ ಮನೆಯವರಿಗೂ ಕೊಟ್ಟೆ. ಅದರ ಮೈ ಮೇಲೆ ಉದ್ದಕ್ಕೆ ಎರಡು ಗೀರು, ಹಿತ್ತಾಳೆ ಕಿತ್ತುಹೋದ ಜಾಗ. ಕಿತ್ತುಹೋದ ಹಿತ್ತಾಳೆ ಡೈ ಗೋಡೆಯಲ್ಲಿ ಮೆತ್ತಿಕೊಂಡಿರಬೇಕಲ್ವಾ? ಡೈಯ ಬಾಯಿಗೆ ಬಿಳಿ ಕಾಗದ ಓರೆಯಾಗಿ ಹಿಡಿದು ಟಾರ್ಚ್ ಬಿಟ್ಟರೆ ಒಳಮೈ ಚೆನ್ನಾಗಿ ಕಾಣುತ್ತದೆ. ಸರಿಯಾಗಿ ಅದೇ ಎರಡು ಜಾಗದಲ್ಲಿ ಹಳದಿ ಪಟ್ಟೆ. ಉಳಿದ ಕಡೆ ಉಕ್ಕು ಹೊಳೆಯುತ್ತಿದೆ. ಬಾಯಿಯ ಹತ್ತಿರ ಮಾತ್ರ ಕಂದು ಚುಕ್ಕೆ.

ಇಲ್ಲಿ ಎಮರಿ ಪೇಪರ್ ತೆಗೆಯುವ ಮನಸ್ಸಾಗುತ್ತದೆ. ಬೇಡ. ಎಮರಿ ಹಿತ್ತಾಳೆಯ ಜೊತೆ ಉಕ್ಕನ್ನೂ ತಿನ್ನುತ್ತದೆ, ಒಳ ಅಳತೆ ದೊಡ್ಡದಾಗುತ್ತದೆ. ಒಂದು ಬಿದಿರು ಕಡ್ಡಿಗೆ ಹಳೇ ಹತ್ತಿಬಟ್ಟೆ ಸುತ್ತಿ, ಬ್ರಾಸೊ ಪಾಲಿಶ್ ಹಚ್ಚಿ, ಕೈಯಲ್ಲೇ ತಿರುಗಿಸಿ ತಿರುಗಿಸಿ ಉಜ್ಜಿದೆ. ಬಟ್ಟೆ ಕಪ್ಪಾದಾಗಲೆಲ್ಲ ಬದಲಿಸಿ. ಹಳದಿ ಪಟ್ಟೆ ನಿಧಾನಕ್ಕೆ ತೆಳುವಾಗಿ ಮಾಯವಾಯಿತು. ಬಾಯಿಯ ಕಂದು ಚುಕ್ಕೆ ಪೂರ್ತಿ ಹೋಗಲಿಲ್ಲ, ಅದರ ತಳದಲ್ಲಿ ಸಣ್ಣ ಗುಂಡಿ ಬಿದ್ದಿದೆ. ಅದನ್ನು ಹಾಗೇ ಬಿಟ್ಟೆ. ಗುಂಡಿ ಹೋಗಬೇಕಾದರೆ ಸುತ್ತಲಿನ ಒಳ್ಳೆಯ ಉಕ್ಕು ತೆಗೆಯಬೇಕು, ಅದು ನ್ಯಾಯ ಅಲ್ಲ.

ಪಾಲಿಶಿನಲ್ಲಿ ಅಮೋನಿಯ ಇರುತ್ತದೆ, ನೀರಿನ ಅಂಶವೂ ಇರುತ್ತದೆ. ಆದ್ದರಿಂದ ಸೀಮೆಎಣ್ಣೆಯಲ್ಲಿ ತೊಳೆದು, ಒಣಬಟ್ಟೆ ಹಾಕಿ ಒರೆಸಿ, ಒಳಗೂ ಹೊರಗೂ ತೆಳುವಾಗಿ ಎಣ್ಣೆ. ಹೊರಗಿನ ಥ್ರೆಡ್ಡಿಗೆ ಹಲ್ಲುಜ್ಜುವ ಬ್ರಶ್ ಸಾಕಾಯಿತು. ಡಿಕ್ಯಾಪಿಂಗ್ ರಾಡ್ ನೆಟ್ಟಗಿದೆ, ಪಿನ್ನೂ ಇದೆ. ಅದನ್ನು ತೆಗೆದು ಬೇರೆಯಾಗಿ ಎಣ್ಣೆ ಒರೆಸಿ ವಾಪಸ್ ಹಾಕಿದೆ.

ಬೀರುವಿನಲ್ಲಿ ಇಡುವವರಿಗೆ ನಾನು ಹೇಳಿದ್ದು ಇಷ್ಟು. ಮೂಲ ಮರದ ಪೆಟ್ಟಿಗೆ ಚೆಂದ ಇದೆ, ಆದರೆ ಮರ ತೇವ ಹಿಡಿಯುತ್ತದೆ. ಡೈಯನ್ನು ಅದರೊಳಗೆ ನೇರ ಇಡಬೇಡಿ. ಮೇ ಕೊನೆಗೆ ಒಮ್ಮೆ, ಮಳೆ ಹಿಂದೆ ಸರಿದ ಮೇಲೆ ಒಮ್ಮೆ ಎಣ್ಣೆ ಒರೆಸಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ಅದನ್ನು ಆಗಾಗ ಒಣಗಿಸಿ, ಇಲ್ಲದಿದ್ದರೆ ಅದು ಇದ್ದೂ ಇಲ್ಲದ ಲೆಕ್ಕ. ಕೇಸನ್ನೂ ಜೊತೆಗೆ ಇಡುತ್ತೇನೆ ಅಂದರು. ಬುಡದಲ್ಲಿ ಎಂ6 ಥ್ರೆಡ್ ಬಿದ್ದಿರುವ ಆ ಕೇಸು ಇನ್ನು ಯಾವ ಕೋವಿಗೂ ಆಗುವುದಿಲ್ಲ. ಆದರೂ ಡೈಯ ಒಳಗೆ ತೂರಿಸಿ ಇಡಬೇಡಿ, ಪಕ್ಕದಲ್ಲಿಡಿ ಅಂದೆ.

ಸೀಟಿಂಗ್ ಡೈ ಕೆಲಸ ಬಾಕಿ ಇದೆ. ಅದರ ಮೇಲಿನ ಸೀಟರ್ ಸ್ಕ್ರೂ ತುಕ್ಕಿಗೆ ಹಿಡಿದುಕೊಂಡಿದೆ, ಒಳಗೆ ಕೇಸು ಏನೂ ಇಲ್ಲ. ಸೀಮೆಎಣ್ಣೆ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಸ್ಕ್ರೂ ತಲೆಯ ಸೀಳು ಅರ್ಧ ಸವೆದಿರುವುದರಿಂದ ಮೊದಲು ಅದಕ್ಕೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ತುದಿಯನ್ನು ಅರ ಹಾಕಿ ಮಾಡಿಕೊಳ್ಳಬೇಕು.